ಕೆರೆಯೋ, ಟ್ಯಾಂಕೋ?

ಶ್ರೀರಂಗಪಟ್ಟಣಕ್ಕೆ ಪೂರ್ವದಲ್ಲಿ, ಲೋಕಪಾವನಿಯು ಕಾವೇರಿಯನ್ನು ಕೂಡುವ ಎಡೆಯಲ್ಲಿ, ಕರಿಘಟ್ಟವೆಂಬ ಬೆಟ್ಟವಿದೆ. ಮೆಟ್ಟಿಲುಗಳನ್ನೇರಿ ಶ್ರೀನಿವಾಸಸ್ವಾಮಿಯ ದರ್ಶನ ಮಾಡಿಕೊಂಡು ಹೊರಗೆ ಬಂದು ನಿಂತವರಿಗೆ ಸುತ್ತಣ ಸೀಮೆಯೆಲ್ಲ ಕಾಣುತ್ತದೆ. ಒಂದು ಕಡೆ ನದಿ, ನದಿಯ ನಡುವೆ ದ್ವೀಪ, ದ್ವೀಪದ ತುದಿಗೆ ಗಂಜಾಂ. ಉಳಿದೆಡೆಗಳಲ್ಲಿ ಕಬ್ಬು, ಬತ್ತ, ತೆಂಗು. ಈ ಸೀಮೆಯ ಬದುಕು ನೀರನ್ನು ನಂಬಿದ ಬದುಕು. ಆದುದರಿಂದ ನೀರು ನಿಲ್ಲುವ ಎಡೆಗಳಿಗೆ ಇಲ್ಲಿಯ ಜನ ಇಟ್ಟುಕೊಂಡಿರುವ ಹೆಸರುಗಳಿಗೂ ಬರವಿಲ್ಲ. ಕೆರೆ, ಕಟ್ಟೆ, ಕುಂಟೆ, ಕೊಳ, ಕಲ್ಯಾಣಿ, ಹೊಂಡ, ಮಡು, ತೊಟ್ಟಿ, ಬಾವಿ—ಒಂದೊಂದೂ ಬೇರೆ, ಒಂದೊಂದರ ಉಪಯೋಗವೂ ಬೇರೆ.

ಇವುಗಳಲ್ಲಿ ಮುಕ್ಕಾಲು ಪಾಲನ್ನು ಆಂಗ್ಲಭಾಷೆಯಲ್ಲಿ ಹೇಳಬೇಕಾದಾಗ ಬರುವುದು ಒಂದೇ ಪದ: ಟ್ಯಾಂಕ್. ಮನೆಯ ಮಾಳಿಗೆಯ ಮೇಲಿನ ಕಪ್ಪು ಪ್ಲಾಸ್ಟಿಕ್ ಪೀಪಾಯಿಯೂ ಟ್ಯಾಂಕು, ಮೋಟಾರು ಬೈಸಿಕಲ್ಲಿನ ಪೆಟ್ರೋಲ್ ಡಬ್ಬಿಯೂ ಟ್ಯಾಂಕು, ರಣರಂಗದಲ್ಲಿ ಗುಂಡು ಹಾರಿಸುವ ಉಕ್ಕಿನ ವಾಹನವೂ ಟ್ಯಾಂಕು, ಹತ್ತು ಹಳ್ಳಿಗಳಿಗೆ ಅನ್ನವಿಕ್ಕುವ ಕೆರೆಯೂ ಟ್ಯಾಂಕು! ಇಷ್ಟು ಚಿಕ್ಕ ಮಾತಿನೊಳಗೆ ಇಷ್ಟೊಂದು ವಸ್ತುಗಳು ಹೇಗೆ ಹಿಡಿದವು ಎಂಬ ಕಥೆ ಸ್ವಾರಸ್ಯಕರವಾದುದು. ಆ ಮಾತು ಕನ್ನಡನಾಡಿಗೆ ಬಂದು ಮಾಡಿದ ಕೆಲಸವು ಮಾತ್ರ ಬರಿಯ ಸ್ವಾರಸ್ಯದ ವಿಷಯವಲ್ಲ.

ಘಟ್ಟವು ಘಾಟ್ ಆದದ್ದು

ಮೊದಲು ಬೆಟ್ಟದ ಹೆಸರಿನಿಂದಲೇ ಆರಂಭಿಸಬಹುದು. 1792ನೆಯ ಇಸವಿ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯವು ಮೂರು ದಳಗಳಾಗಿ ಟಿಪ್ಪುವಿನ ಪಾಳೆಯದ ಮೇಲೆ ಬಿದ್ದಾಗ, ಮ್ಯಾಕ್ಸ್‌ವೆಲ್ಲನ ಎಡದಳವು ಹಿಡಿದುಕೊಂಡದ್ದು ಈ ಕರಿಘಟ್ಟವನ್ನೇ. ಆ ಕಾಲದ ಇಂಗ್ಲಿಷ್ ಬರಹಗಳಲ್ಲಿ ಇದು 'ಕ್ಯಾರಿಘಾಟ್' ಎಂದು ಕಾಣಿಸಿಕೊಳ್ಳುತ್ತದೆ. ಬೆಟ್ಟದ ಮೇಲಿನ ದೇವಾಲಯವು 'ಪಗೋಡ'. ಅದೇ ಇಂಗ್ಲಿಷರು ಅದೇ ಕಾಲದಲ್ಲಿ ನಮ್ಮ ವರಹವೆಂಬ ಚಿನ್ನದ ನಾಣ್ಯವನ್ನೂ 'ಪಗೋಡ' ಎಂದೇ ಕರೆಯುತ್ತಿದ್ದರು. ಗುಡಿಗೂ ಹಣಕ್ಕೂ ಒಂದೇ ಹೆಸರು!

ಇದಕ್ಕಾಗಿ ಅವರನ್ನು ನಗುವ ಮುನ್ನ ನಮ್ಮ ಮಾತನ್ನೂ ನೋಡಿಕೊಳ್ಳಬೇಕು. ಘಟ್ಟವೆಂದರೆ ಕನ್ನಡದಲ್ಲಿ ಬೆಟ್ಟದ ಸಾಲು, ಅದನ್ನು ಹತ್ತಿ ಇಳಿಯುವ ದಾರಿ, ಹೊಳೆಗಿಳಿಯುವ ಸೋಪಾನ, 'ಕೆಲಸ ಒಂದು ಘಟ್ಟ ಮುಟ್ಟಿತು' ಎನ್ನುವಾಗ ಒಂದು ಹಂತ. ಯಾವ ಜೀವಂತ ಭಾಷೆಯೂ ಒಂದು ಪದಕ್ಕೆ ಒಂದೇ ಅರ್ಥವೆಂಬ ಕಟ್ಟಳೆಯನ್ನು ಪಾಲಿಸಿಕೊಂಡು ಬಂದಿಲ್ಲ. ಒಂದು ಅರ್ಥದಿಂದ ಇನ್ನೊಂದು ಅರ್ಥಕ್ಕೆ ಸಾಗುವಾಗ ಮಾತು ದಾರಿಯಲ್ಲಿ ಏನನ್ನು ಹೊತ್ತು ತಂದಿತು, ಏನನ್ನು ಚೆಲ್ಲಿ ಬಂದಿತು ಎಂಬುದೇ ವಿಚಾರಿಸಬೇಕಾದ ಸಂಗತಿ.

ಗುಜರಾತಿನಿಂದ ಫ್ರಾನ್ಸಿನವರೆಗೆ

ಟ್ಯಾಂಕ್ ಎಂಬುದು ಅಚ್ಚ ಇಂಗ್ಲಿಷ್ ಪದವೆಂದು ಅನೇಕರು ತಿಳಿದಿರುತ್ತಾರೆ. ಅದು ಹುಟ್ಟು ಇಂಗ್ಲಿಷಿನದಲ್ಲ. 17ನೆಯ ಶತಮಾನದ ಆರಂಭದಲ್ಲಿ ಇಂಡಿಯಾಕ್ಕೆ ಬಂದ ಇಂಗ್ಲಿಷ್ ಪ್ರವಾಸಿಗಳ ಬರಹಗಳಲ್ಲಿ ಅದು ಕಾಣತೊಡಗುತ್ತದೆ. ಗುಜರಾತಿ, ಮರಾಠಿಗಳಲ್ಲಿ ನೆಲದೊಳಗಿನ ನೀರಿನ ತೊಟ್ಟಿಗೆ ಟಾಂಕೆ, ಟಾಂಕು ಎಂಬಂಥ ಹೆಸರುಗಳಿವೆ. ಪೋರ್ಚುಗೀಸರಲ್ಲಿಯೂ ಕೊಳಕ್ಕೆ ಟಾಂಕೆ ಎಂಬ ಮಾತಿದೆ; ಅದರ ಬೇರು ನಿಂತ ನೀರನ್ನು ಹೇಳುವ ಲ್ಯಾಟಿನ್ ಪದದಲ್ಲಿದೆ. ಇಂಗ್ಲಿಷರು ಈ ಮಾತನ್ನು ಪಶ್ಚಿಮ ಕರಾವಳಿಯ ದೇಶೀಯರಿಂದ ಕಲಿತರೇ, ಅದೇ ಕರಾವಳಿಯಲ್ಲಿ ತಮಗಿಂತ ಮೊದಲೇ ನೆಲಸಿದ್ದ ಪೋರ್ಚುಗೀಸರಿಂದ ಕಲಿತರೇ ಎಂಬುದನ್ನು 1886ರಲ್ಲಿ ಪ್ರಕಟವಾದ 'ಹಾಬ್ಸನ್ ಜಾಬ್ಸನ್' ಎಂಬ ಹೆಸರಾಂತ ಆಂಗ್ಲೋ ಇಂಡಿಯನ್ ಪದಕೋಶವು ದೀರ್ಘವಾಗಿ ಚರ್ಚಿಸಿದೆ. ಎರಡು ದಾರಿಗಳೂ ಒಂದೆಡೆ ಕೂಡಿಕೊಂಡಿರಬಹುದೆಂದು ಒಪ್ಪಿಕೊಂಡರೆ ಅನ್ಯಾಯವಾಗದು.

ದಕ್ಷಿಣಕ್ಕೆ ಬಂದ ಮೇಲೆ ಮಾತಿನ ಹೊಟ್ಟೆ ಹಿಗ್ಗಿತು. ಇಲ್ಲಿ ಅವರು ಕಂಡದ್ದು ಕಲ್ಲುಕಟ್ಟಡದ ತೊಟ್ಟಿಗಳನ್ನು ಮಾತ್ರವಲ್ಲ. ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ಮಳೆಯ ನೀರನ್ನು ನಿಲ್ಲಿಸಿದ, ಕಣ್ಣು ಹಾಯುವವರೆಗೂ ಹರಡಿದ ನೀರನ್ನು. ಅವರ ನಾಡಿನಲ್ಲಿ ಅಂಥ ವಸ್ತುವಿರಲಿಲ್ಲ; ಅದಕ್ಕೊಪ್ಪುವ ಮಾತೂ ಇರಲಿಲ್ಲ. ಕೈಯಲ್ಲಿದ್ದ ಟ್ಯಾಂಕ್ ಪದವನ್ನೇ ಅದಕ್ಕೂ ತೊಡಿಸಿದರು. ಮೈಸೂರು ಸೀಮೆಯ ಸರ್ಕಾರಿ ಕಾಗದಗಳಲ್ಲಿ ಕೆರೆಯು ಹೀಗೆ ಟ್ಯಾಂಕ್ ಆಯಿತು.

ಪದದ ಪ್ರವಾಸ ಅಲ್ಲಿಗೇ ಮುಗಿಯಲಿಲ್ಲ. ಅದು ಇಂಗ್ಲೆಂಡಿಗೆ ಮರಳಿ, ನೀರು, ಎಣ್ಣೆ, ಅನಿಲ ಯಾವುದನ್ನಾದರೂ ತುಂಬಿಡುವ ದೊಡ್ಡ ಪಾತ್ರೆಯ ಹೆಸರಾಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಕಂದಕಗಳನ್ನು ದಾಟಬಲ್ಲ ಉಕ್ಕಿನ ವಾಹನವನ್ನು ಲಿಂಕನ್ ಪಟ್ಟಣದ ಕಾರ್ಖಾನೆಯಲ್ಲಿ ಗುಟ್ಟಾಗಿ ತಯಾರಿಸುತ್ತಿದ್ದಾಗ, ಗುಟ್ಟು ಹೊರಬೀಳದಿರಲೆಂದು ಅದಕ್ಕೆ ಒಂದು ಸುಳ್ಳು ಹೆಸರು ಬೇಕಾಯಿತು. ಮೆಸೊಪೊಟೇಮಿಯದ ಮರುಭೂಮಿಗೆ ನೀರು ಸಾಗಿಸುವ ತೊಟ್ಟಿಗಳು ಇವು ಎಂಬ ಸುದ್ದಿಯನ್ನು ಹಬ್ಬಿಸಿ, ಅವುಗಳನ್ನು ಟ್ಯಾಂಕುಗಳೆಂದು ಕರೆದರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಅವು ಮೊದಲು ಕಾಣಿಸಿಕೊಂಡವು. ಗುಟ್ಟು ಬಯಲಾಯಿತು, ಸುಳ್ಳು ಹೆಸರು ಮಾತ್ರ ನಿಜವಾದ ಹೆಸರಾಗಿ ಉಳಿಯಿತು. ಬಾಯಾರಿದವರಿಗೆ ನೀರೀಯುವ ತೊಟ್ಟಿಯ ಹೆಸರು ಪ್ರಾಣ ತೆಗೆಯುವ ಯಂತ್ರಕ್ಕೆ ಅಂಟಿದ್ದು ಹೀಗೆ. 1965ರ ಯುದ್ಧದಲ್ಲಿ ಪ್ಯಾಟನ್ ಟ್ಯಾಂಕುಗಳ ಸುದ್ದಿ ಬಂದಾಗ ಕನ್ನಡ ಪತ್ರಿಕೆಗಳೂ ಅದನ್ನು ಹಾಗೆಯೇ ಬರೆದವು. ಶತ್ರುವಿನ ಟ್ಯಾಂಕುಗಳನ್ನು ಧ್ವಂಸ ಮಾಡಲಾಯಿತು ಎಂಬುದನ್ನು 'ಶತ್ರುವಿನ ಕೆರೆಗಳನ್ನು ಒಡೆಯಲಾಯಿತು' ಎಂದು ಯಾರೂ ಅನುವಾದಿಸಲಿಲ್ಲವೆಂಬುದು ಸಮಾಧಾನದ ವಿಷಯ!

ಒಂದು ತಾಲ್ಲೂಕು, ಮೂರು ಟ್ಯಾಂಕು

ಶ್ರೀರಂಗಪಟ್ಟಣಕ್ಕೆ ನೆರೆಯ ಪಾಂಡವಪುರ ತಾಲ್ಲೂಕಿಗೆ ಹೋದರೆ ಈ ಪದದ ತೊಡಕು ಕಣ್ಣಿಗೇ ಕಾಣುತ್ತದೆ. ಮೇಲುಕೋಟೆಯಲ್ಲಿ ಯೋಗನರಸಿಂಹನ ಬೆಟ್ಟದ ಬುಡಕ್ಕೆ, ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲುಗಳೂ ಮಂಟಪಗಳೂ ಇರುವ ಕಲ್ಯಾಣಿಯಿದೆ. ಅದು ತೀರ್ಥ, ಅಲ್ಲಿ ಸ್ನಾನ, ಸಂಕಲ್ಪ, ದೇವರ ಉತ್ಸವ. ಅದೇ ಊರಿನಲ್ಲಿ ಅಕ್ಕತಂಗಿ ಕೊಳಗಳೆಂಬ ಜೋಡಿ ಕೊಳಗಳಿವೆ. ಬೆಟ್ಟವಿಳಿದು ಬಂದರೆ ತೊಣ್ಣೂರಿನ ಕೆರೆ. ಆ ಕೆರೆಯಿಂದಲೇ ಊರಿಗೆ ಕೆರೆತೊಣ್ಣೂರು ಎಂಬ ಹೆಸರು. ಇಂಗ್ಲಿಷಿನಲ್ಲಿ ಬರೆದ ಪ್ರವಾಸಿ ಕೈಪಿಡಿಯನ್ನು ತೆರೆದು ನೋಡಿದರೆ ಕಲ್ಯಾಣಿಯೂ ಟ್ಯಾಂಕು, ಕೊಳವೂ ಟ್ಯಾಂಕು, ಕೆರೆಯೂ ಟ್ಯಾಂಕು. ಇವುಗಳಲ್ಲಿ ಯಾವುದರಿಂದ ಗದ್ದೆಗೆ ನೀರು ಹರಿಯುತ್ತದೆ, ಯಾವುದರಲ್ಲಿ ದನ ಇಳಿಯಬಹುದು, ಯಾವುದಕ್ಕೆ ಕೈಮುಗಿದು ಇಳಿಯಬೇಕು ಎಂಬುದನ್ನು ಆ ಪದವು ಹೇಳುವುದಿಲ್ಲ. ಕಲ್ಯಾಣಿ, ಕೊಳ, ಕೆರೆ ಎಂಬ ಮಾತುಗಳು ಹೇಳುತ್ತವೆ.

ತೊಣ್ಣೂರು ಕೆರೆಯ ಹೆಸರುಗಳೇ ಒಂದು ಚರಿತ್ರೆ. ಅದಕ್ಕೆ ತಿರುಮಲಸಾಗರವೆಂದು ಹೆಸರಿಟ್ಟವರು ರಾಮಾನುಜಾಚಾರ್ಯರೆಂದು ಪರಂಪರೆ ಹೇಳುತ್ತದೆ. 1746ರಲ್ಲಿ ದಖನ್ನಿನ ಸುಬೇದಾರನ ಮಗ ನಾಸಿರ್‌ಜಂಗನು ಇಲ್ಲಿಗೆ ಬಂದು, ತಿಳಿನೀರನ್ನು ಕಂಡು ಮೆಚ್ಚಿ, ಮೋತಿ ತಲಾಬ್, ಎಂದರೆ ಮುತ್ತಿನ ಕೆರೆ, ಎಂದು ಕರೆದನು. ಟಿಪ್ಪುವಿನ ಕಾಲದಲ್ಲಿ, ಶತ್ರುಸೈನ್ಯಕ್ಕೆ ಈ ನೀರು ಒದಗಬಾರದೆಂದು ಏರಿಯನ್ನು ಒಡೆಸಲಾಯಿತೆಂದೂ ಬಳಿಕ ದುರಸ್ತಿ ನಡೆಯಿತೆಂದೂ ಮೈಸೂರು ಗೆಜೆಟಿಯರಿನಲ್ಲಿ ದಾಖಲೆಯಿದೆ. ಸಾಗರವೆಂದವರು ಅದರ ವಿಸ್ತಾರವನ್ನು ಕಂಡರು. ಮುತ್ತೆಂದವನು ಅದರ ತಿಳಿಯನ್ನು ಕಂಡನು. ಒಡೆಸಿದವನೂ ಅದರ ಬೆಲೆಯನ್ನು ಬಲ್ಲವನೇ. ಟ್ಯಾಂಕ್ ಎಂದವರು ಕಂಡದ್ದು ನೀರಿನ ದಾಸ್ತಾನನ್ನು.

ಕೋಡಿ ಬಿದ್ದ ಕೆರೆ, ತುಂಬಿ ಹರಿದ ಟ್ಯಾಂಕು

ಕೆರೆಯೆಂದರೆ ನೀರು ತುಂಬಿದ ಒಂದು ಪಾತ್ರೆಯಲ್ಲ. ಅದಕ್ಕೆ ಏರಿಯುಂಟು, ತೂಬುಂಟು, ಕೋಡಿಯುಂಟು, ಕೆರೆಯಂಗಳವುಂಟು, ಕೆಳಗೆ ಅಚ್ಚುಕಟ್ಟುಂಟು. ತೂಬನ್ನು ತೆಗೆದು ಮುಚ್ಚಿ, ಯಾರ ಗದ್ದೆಗೆ ಎಷ್ಟು ನೀರು ಎಂಬುದನ್ನು ನೋಡಿಕೊಳ್ಳಲು ನೀರುಗಂಟಿಯೆಂಬ ಊರ ಕೆಲಸಗಾರನಿದ್ದನು. ಕೆರೆಯನ್ನು ಕಟ್ಟಿಸಿದವನಿಗೂ ಜೋಪಾನ ಮಾಡಿದವನಿಗೂ ಭೂಮಿಯನ್ನು ಬಿಟ್ಟುಕೊಡುವ ಪದ್ಧತಿಯಿದ್ದುದನ್ನು ಶಾಸನಗಳು ಸಾರುತ್ತವೆ. ಕಟ್ಟುಕೊಡಗೆ, ಬಿತ್ತುವಟ್ಟ, ದಶವಂದ ಮೊದಲಾದ ಶಾಸನದ ಮಾತುಗಳು ಈ ವ್ಯವಸ್ಥೆಯ ಕುರುಹುಗಳು. ಕೆರೆ ಎಂದೊಡನೆ ಈ ಪರಿವಾರವೆಲ್ಲ ಮಾತಿನ ಹಿಂದೆ ಬಂದು ನಿಲ್ಲುತ್ತದೆ. ಟ್ಯಾಂಕ್ ಎಂದರೆ ಬರುವುದು ಒಂದು ಕೊಳಾಯಿ, ಒಂದು ಮುಚ್ಚಳ.

ಒಂದು ನಿದರ್ಶನದಿಂದ ಈ ಅಂತರವು ಸ್ಪಷ್ಟವಾಗುತ್ತದೆ. ಮನೆಯ ಟ್ಯಾಂಕು ತುಂಬಿ ಹರಿದರೆ ಯಾರೋ ಮೋಟಾರನ್ನು ನಿಲ್ಲಿಸಲು ಮರೆತರೆಂದು ಅರ್ಥ. ಮನೆಯವರಿಂದ ಬೈಗಳು ತಪ್ಪದು. ಊರ ಕೆರೆ ತುಂಬಿ ಕೋಡಿ ಬಿದ್ದರೆ ಅದು ಹಬ್ಬ. ಹೆಂಗಸರು ಅರಿಸಿನ ಕುಂಕುಮದೊಡನೆ ಹೋಗಿ ಗಂಗಾಪೂಜೆ ಮಾಡುತ್ತಾರೆ, ಬಾಗಿನ ಅರ್ಪಿಸುತ್ತಾರೆ, ಆ ವರ್ಷದ ಬೆಳೆಗೆ ಭಯವಿಲ್ಲವೆಂದು ಊರು ನಿಟ್ಟುಸಿರು ಬಿಡುತ್ತದೆ. 'ಟ್ಯಾಂಕ್ ಓವರ್‌ಫ್ಲೋ ಆಯಿತು' ಎಂಬ ಮಾತಿನಲ್ಲಿ ಈ ಹರ್ಷದ ಒಂದು ಹನಿಯಾದರೂ ಉಂಟೆ?

ಇನ್ನು ಬರಿದಾದ ಕಾಲದ ಮಾತು. ಟ್ಯಾಂಕು ಬರಿದಾದರೆ ಅದು ಖಾಲಿ ಪಾತ್ರೆ. ಅದರಿಂದ ಯಾವ ಉಪಯೋಗವೂ ಇಲ್ಲ. ಬೇಸಿಗೆಯಲ್ಲಿ ಬತ್ತಿದ ಕೆರೆ ಹಾಗಲ್ಲ. ಅದರ ಅಂಗಳದಲ್ಲಿ ದನಕರು ಮೇಯುತ್ತವೆ. ಹೂಳನ್ನು ಎತ್ತಿ ಗಾಡಿಗಳಲ್ಲಿ ಹೊಲಗಳಿಗೆ ಗೊಬ್ಬರವಾಗಿ ಸಾಗಿಸುತ್ತಾರೆ. ನೀರು ಕಾಣದಿದ್ದರೂ ಅದು ಕೆರೆಯೇ, ಮಳೆಗಾಗಿ ಕಾದಿರುವ ಕೆರೆ. 'ಕೆರೆಗೆ ಹಾರ' ಎಂಬ ಜನಪದ ಕಥನಗೀತವನ್ನು ಬಲ್ಲ ಓದುಗರು ಇಲ್ಲೊಂದು ಪ್ರಯೋಗ ಮಾಡಿ ನೋಡಬಹುದು. ಹನಿ ನೀರೂ ನಿಲ್ಲದ ಕೆರೆಗಾಗಿ ಕಿರಿಯ ಸೊಸೆ ಭಾಗೀರಥಿ ಆಹುತಿಯಾದಳೆಂಬ ಆ ಕಥೆಯನ್ನು ಇಂಗ್ಲಿಷಿಗೆ ತಿರುಗಿಸುವಾಗ ಕೆರೆಯ ಎಡೆಯಲ್ಲಿ ಟ್ಯಾಂಕ್ ಎಂದು ಬರೆದರೆ, ಲಂಡನ್ನಿನ ಓದುಗನ ಕಣ್ಣಿಗೆ ಕಟ್ಟುವುದು ಏನು? ಕಬ್ಬಿಣದ ತೊಟ್ಟಿಯೊಂದರಲ್ಲಿ ಮುಳುಗಿದ ಹೆಣ್ಣು. ಕಥೆಯ ಕರುಣೆ ಅಲ್ಲಿಗೇ ಇಂಗಿಹೋಗುತ್ತದೆ.

ನಿಘಂಟುಕಾರರ ಕಷ್ಟ

ಇಂಥ ಪದಗಳ ಮುಂದೆ ಕುಳಿತ ನಿಘಂಟುಕಾರರ ಕಷ್ಟವನ್ನು ಊಹಿಸಿಕೊಳ್ಳಬಹುದು. ಮೈಸೂರು ವಿಶ್ವವಿದ್ಯಾನಿಲಯವು 1946ರಲ್ಲಿ ಇಂಗ್ಲಿಷ್ ಕನ್ನಡ ನಿಘಂಟನ್ನು ಹೊರತಂದ ಮೇಲೆ ಕನ್ನಡ ವಿದ್ಯಾರ್ಥಿಗೆ ಒಂದು ದೊಡ್ಡ ಆಸರೆ ದೊರೆಯಿತು. ಆದರೆ ಯಾವ ನಿಘಂಟೂ ಒಂದು ಪದದ ಮುಂದೆ ಹತ್ತು ಅರ್ಥಗಳನ್ನು ಸಾಲಾಗಿ ನಿಲ್ಲಿಸಬಲ್ಲುದೇ ಹೊರತು, ಈ ವಾಕ್ಯಕ್ಕೆ ಇದೇ ಸಲ್ಲತಕ್ಕದ್ದು ಎಂದು ಕೈಹಿಡಿದು ತೋರಿಸಲಾರದು. ಆರಿಸುವ ಹೊಣೆ ಬರೆಯುವವನದು.

ಕರಿಘಟ್ಟದ ಎದುರಿಗೇ ಇರುವ ಗಂಜಾಮಿನ ಹೆಸರನ್ನು ತಮ್ಮ ಹೆಸರಿನ ಮೊದಲಕ್ಷರವಾಗಿ ಧರಿಸಿದ್ದ ಜಿ. ವೆಂಕಟಸುಬ್ಬಯ್ಯನವರು ಈ ಹೊಣೆಯನ್ನು ಕನ್ನಡಿಗರಿಗೆ ತಿಳಿಸಿಕೊಟ್ಟವರಲ್ಲಿ ಅಗ್ರಗಣ್ಯರು. 1913ರಲ್ಲಿ ಹುಟ್ಟಿ 2021ರಲ್ಲಿ, ನೂರೇಳು ವರ್ಷಗಳ ತುಂಬುಬಾಳಿನ ಅನಂತರ ತೀರಿಕೊಂಡ ಅವರು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿನ ಪ್ರಧಾನ ಸಂಪಾದಕರಾಗಿ ದುಡಿದರು. 1991ರಲ್ಲಿ ಪ್ರಜಾವಾಣಿಯಲ್ಲಿ ಆರಂಭವಾದ 'ಇಗೋ ಕನ್ನಡ' ಎಂಬ ಅಂಕಣದಲ್ಲಿ ಓದುಗರ ಪದಸಂದೇಹಗಳಿಗೆ ಉತ್ತರ ಕೊಟ್ಟರು. ಪದದ ಅರ್ಥವನ್ನು ಅದರ ಪ್ರಯೋಗದಲ್ಲಿ ಹುಡುಕಬೇಕೆಂಬುದು ಆ ಬಗೆಯ ಕೆಲಸದ ತಳಹದಿ.

ಲೋಕಪಾವನಿ ಹರಿದುಬರುವ ನಾಗಮಂಗಲ ಸೀಮೆಯಲ್ಲಿಯೂ ಇದೇ ಪಾಠವನ್ನು ಬೇರೆ ಬಗೆಯಲ್ಲಿ ಕಲಿಸಿದವರೊಬ್ಬರ ನೆಲೆಯಿದೆ. ಅಲ್ಲಿಯ ಬೆಳ್ಳೂರು ಬಿ. ಎಂ. ಶ್ರೀಕಂಠಯ್ಯನವರ ಮನೆತನದ ಊರು. ಅವರ 'ಇಂಗ್ಲಿಷ್ ಗೀತಗಳು' ಕನ್ನಡ ಕಾವ್ಯಕ್ಕೆ ಹೊಸ ದಾರಿಯನ್ನು ತೆರೆದದ್ದು ಪದಕ್ಕೆ ಪದವನ್ನು ಕೂಡಿಸಿದ್ದರಿಂದಲ್ಲ. ಇಂಗ್ಲಿಷಿನ ಭಾವವು ಕನ್ನಡದಲ್ಲಿಯೇ ಹುಟ್ಟಿದ್ದರೆ ಹೇಗೆ ನುಡಿಯುತ್ತಿತ್ತೋ ಹಾಗೆ ನುಡಿಸಿದ್ದರಿಂದ.

ಚಾವಡಿಯ ಪಾಠ

ಟ್ಯಾಂಕ್ ಪದದ ವಿಷಯದಲ್ಲಿಯೇ ಇದಕ್ಕೆ ಸೊಗಸಾದ ಉದಾಹರಣೆ ದೊರೆಯುತ್ತದೆ. ರಾಜ್ಯಾಡಳಿತ, ಅರ್ಥಶಾಸ್ತ್ರ ಮೊದಲಾದ ವಿಷಯಗಳಲ್ಲಿ ಆಲೋಚನೆ ನಡೆಸಿ ಸಲಹೆ ಕೊಡುವ ವಿದ್ವಾಂಸರ ಸಂಸ್ಥೆಗೆ ಇಂಗ್ಲಿಷಿನಲ್ಲಿ 'ಥಿಂಕ್ ಟ್ಯಾಂಕ್' ಎನ್ನುತ್ತಾರೆ. ಇದನ್ನು ಮಕ್ಕಿಕಾಮಕ್ಕಿಯಾಗಿ 'ಆಲೋಚನೆಯ ತೊಟ್ಟಿ' ಎಂದಿದ್ದರೆ ಓದಿದವರು ನಗುತ್ತಿದ್ದರು. ಕನ್ನಡಿಗರು ಅದನ್ನು 'ಚಿಂತಕರ ಚಾವಡಿ' ಎಂದರು. ಹಿರಿಯರು ಕುಳಿತು ಊರಿನ ಕಷ್ಟಸುಖಗಳನ್ನು ವಿಚಾರಿಸುವ ಚಾವಡಿಯನ್ನು ಬಲ್ಲವರಿಗೆ ಆ ಸಂಸ್ಥೆಯ ಕೆಲಸವೇನೆಂದು ಬೇರೆ ವಿವರಿಸಬೇಕಾಗಿಲ್ಲ. ಟ್ಯಾಂಕು ಮಾಯವಾಯಿತು, ಅರ್ಥ ಉಳಿಯಿತು. ಹಾಗೆಯೇ, ಸಿನಿಮಾ ಒಂದು ಸೋತುಹೋದುದಕ್ಕೆ ಇಂದಿನ ಇಂಗ್ಲಿಷಿನಲ್ಲಿ ಅದು 'ಟ್ಯಾಂಕ್' ಆಯಿತು ಎನ್ನುವುದುಂಟು. ನಮ್ಮವರಿಗೆ 'ತೋಪಾಯಿತು', 'ನೆಲಕಚ್ಚಿತು' ಎಂಬ ಮಾತುಗಳು ಮೊದಲೇ ಸಿದ್ಧವಾಗಿವೆ.

ಇದರ ಜೊತೆಗೆ ಜನರ ಇನ್ನೊಂದು ನಡೆಯನ್ನೂ ಗಮನಿಸಬೇಕು. 1911ರಲ್ಲಿ ಕೆಲಸ ಆರಂಭವಾಗಿ 1932ರ ಹೊತ್ತಿಗೆ ಮುಗಿದ ಕೃಷ್ಣರಾಜಸಾಗರಕ್ಕೆ ಇಂಜಿನಿಯರುಗಳು ಡ್ಯಾಂ ಎಂದರು, ರಿಸರ್ವಾಯರ್ ಎಂದರು. ಮಂಡ್ಯ ಜಿಲ್ಲೆಯ ರೈತನ ಬಾಯಲ್ಲಿ ಅದು ಕನ್ನಂಬಾಡಿ ಕಟ್ಟೆ. 124.80 ಅಡಿ ನೀರು ನಿಲ್ಲುವ ಆ ಭಾರಿ ಅಣೆಕಟ್ಟಿಗೂ ಊರ ಹೊರಗಿನ ಸಣ್ಣ ಕಟ್ಟೆಗೂ ಒಂದೇ ಹೆಸರು! ಇದು ಅಜ್ಞಾನದ ಮಾತಲ್ಲ. ಹರಿಯುವ ನೀರನ್ನು ಕಟ್ಟಿ ನಿಲ್ಲಿಸಿದ್ದು ಯಾವುದೋ ಅದು ಕಟ್ಟೆ. ಗಾತ್ರ ಬದಲಾದರೂ ಕೆಲಸ ಅದೇ. ಅಷ್ಟು ದೊಡ್ಡ ವಸ್ತುವನ್ನು ತನ್ನದೆಂದು ಒಪ್ಪಿಕೊಳ್ಳಲು ರೈತನಿಗೆ ಆ ಹಳೆಯ ಮಾತೇ ನೆರವಾಯಿತು.

ಹೆಸರು ಹೋದ ಬಳಿಕ

ಹೆಸರು ಬದಲಾದರೆ ಕೆರೆಗೆ ಏನು ಕೆಟ್ಟಿತು ಎಂದು ಕೇಳುವವರು ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದ ಕಡೆಗೆ ಹೋಗಿ ನೋಡಬಹುದು. ಅಲ್ಲೊಂದು ಟ್ಯಾಂಕ್ ಬಂಡ್ ರಸ್ತೆಯಿದೆ. ಟ್ಯಾಂಕ್ ಬಂಡ್ ಎಂದರೆ ಕೆರೆಯ ಏರಿ. ಆ ಕೆರೆಯ ಹೆಸರು ಧರ್ಮಾಂಬುಧಿ. ಧರ್ಮಕ್ಕಾಗಿ ಮೀಸಲಾದ ಕಡಲು ಎಂಬ ಅರ್ಥದ ಆ ಹೆಸರಿನ ಕೆರೆಯ ಮೇಲೆ ಇಂದು ಬಸ್ಸುಗಳು ನಿಲ್ಲುತ್ತವೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿದೆ. ಪಟ್ಟಣ ಬೆಳೆಯಿತು, ಕೊಳಾಯಿಯ ನೀರು ಬಂತು, ನಿವೇಶನಕ್ಕೆ ಬೆಲೆ ಏರಿತು. ಕೆರೆಗಳು ಅಳಿಯಲು ಇವೇ ಮುಖ್ಯ ಕಾರಣಗಳು, ಒಂದು ಪದವನ್ನು ಅಪರಾಧಿಯಾಗಿ ನಿಲ್ಲಿಸುವುದು ನ್ಯಾಯವಲ್ಲ. ಆದರೆ ಬರಿದಾದ ಪಾತ್ರೆಯನ್ನು ಬೇರೊಂದು ಉಪಯೋಗಕ್ಕೆ ಹಚ್ಚಲು ಯಾರ ಮನಸ್ಸೂ ಅಳುಕುವುದಿಲ್ಲ. ಮಳೆಗೆ ಕಾದ ಕೆರೆ ಎಂದಿದ್ದರೆ ಕೆಲವರಾದರೂ ಅಳುಕುತ್ತಿದ್ದರೇನೋ.

ಕೆರೆಯ ಹೊಣೆಯೂ ಊರಿನ ಕೈಯಿಂದ ಕ್ರಮೇಣ ಇಲಾಖೆಯ ಕಡತಕ್ಕೆ ಸಾಗಿತು. ಅದನ್ನು ಊರಿಗೇ ಮರಳಿಸಬೇಕೆಂದು 1911ರಲ್ಲಿ ಮೈಸೂರು ಸರ್ಕಾರವು ಕೆರೆ ಪಂಚಾಯಿತಿಗಳ ಕಾನೂನನ್ನು ಮಾಡಿತು; ಆ ಕಾನೂನಿನ ಇಂಗ್ಲಿಷ್ ಹೆಸರಿನಲ್ಲಿದ್ದುದೂ ಟ್ಯಾಂಕ್ ಪದವೇ. ನೂರು ವರ್ಷಗಳ ಬಳಿಕ ಕರ್ನಾಟಕ ಸರ್ಕಾರವು ಕೆರೆಗಳ ಸಂರಕ್ಷಣೆಗಾಗಿ 2014ರ ಕಾಯಿದೆಯನ್ನು ತಂದಾಗ, ಅದರ ಇಂಗ್ಲಿಷ್ ಹೆಸರಿನಲ್ಲಿ 'ಲೇಕ್' ಎಂಬ ಪದವಿತ್ತು. 2018ರ ತಿದ್ದುಪಡಿಯಿಂದ ಅದು 'ಟ್ಯಾಂಕ್' ಎಂದಾಯಿತು. ತಾನಾಗಿ ಉಂಟಾದ ಸರೋವರವನ್ನು ಲೇಕ್ ಎಂದೂ ಮನುಷ್ಯರು ಕಟ್ಟಿದ್ದನ್ನು ಟ್ಯಾಂಕ್ ಎಂದೂ ಭೇದ ಮಾಡುವ ಇಂಗ್ಲಿಷಿಗೆ ಈ ಚರ್ಚೆ ಅನಿವಾರ್ಯ. ಕನ್ನಡದಲ್ಲಿ ಮಾತ್ರ ಮೊದಲೂ ಕೆರೆ, ಆಮೇಲೂ ಕೆರೆ. ಯಾವ ತಿದ್ದುಪಡಿಯೂ ಬೇಕಾಗಲಿಲ್ಲ. ಕೆರೆಯೆಂದರೆ ಕಟ್ಟಿದ್ದು, ಕಟ್ಟಿದವರು ಕಾಪಾಡಬೇಕಾದದ್ದು ಎಂಬ ತಿಳಿವಳಿಕೆ ಆ ಎರಡಕ್ಷರಗಳೊಳಗೇ ಇದೆ.

ಟ್ಯಾಂಕ್ ಎಂಬ ಮಾತಿನ ಮೇಲೆ ಹಗೆ ಸಾಧಿಸಬೇಕಾದ ಕಾರಣವಿಲ್ಲ. ಅದು ಈಗ ಟ್ಯಾಂಕು, ಟ್ಯಾಂಕಿ ಎಂದು ಕನ್ನಡದ ಉಡುಪನ್ನೇ ತೊಟ್ಟು ಮನೆಮನೆಯ ಮಾಳಿಗೆಯನ್ನು ಏರಿದೆ. ಹುಟ್ಟನ್ನು ವಿಚಾರಿಸಿದರೆ ಅದಕ್ಕೆ ಈ ದೇಶದ ನಂಟೂ ಉಂಟು. ಮಾಳಿಗೆಯ ಪೀಪಾಯಿಗೆ, ಪೆಟ್ರೋಲಿಗೆ, ರಣರಂಗದ ವಾಹನಕ್ಕೆ ಅದು ಇರಲಿ. ಆದರೆ ಇಂಗ್ಲಿಷ್ ವರದಿಯನ್ನು ಕನ್ನಡಕ್ಕೆ ತರುವ ಪತ್ರಕರ್ತನಾಗಲಿ, ಕಡತದ ಮೇಲೆ ಷರಾ ಬರೆಯುವ ಗುಮಾಸ್ತನಾಗಲಿ, ಪರೀಕ್ಷೆಗೆ ಅನುವಾದ ಮಾಡುವ ವಿದ್ಯಾರ್ಥಿಯಾಗಲಿ ಆ ಪದವನ್ನು ಕಂಡಾಗ ಒಂದು ಕ್ಷಣ ತಡೆದು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು: ಇದನ್ನು ಕಟ್ಟಿದವರು ಯಾರು? ಇದರ ನೀರು ಹರಿದು ಹೋಗುವುದು ಎಲ್ಲಿಗೆ? ಇದು ಬತ್ತಿದರೆ ಕಷ್ಟಕ್ಕೆ ಸಿಕ್ಕುವವರು ಯಾರು? ಈ ಮೂರಕ್ಕೆ ಉತ್ತರ ದೊರೆತರೆ ಕೆರೆ, ಕಟ್ಟೆ, ಕೊಳ, ಕಲ್ಯಾಣಿಗಳಲ್ಲಿ ಯಾವ ಮಾತನ್ನು ಬರೆಯಬೇಕೆಂಬುದಕ್ಕೆ ನಿಘಂಟನ್ನು ತೆರೆಯುವ ಅಗತ್ಯವೂ ಬೀಳಲಾರದು.